ಹಂದಿಯ ಇಂಟರ್‌ಫೆರಾನ್ ಜೀನ್‌ಗಳಲ್ಲಿ ಕೋಡಾನ್ ಒಲವು: ಮೆಸೇಜ್ ಗುಂಪಿನ ಶನಿವಾರದ ಪ್ರಶ್ನೋತ್ತರ

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ: ಮೇಡಂ, ಹಂದಿಯ ಇಂಟರ್‌ಫೆರಾನ್ ಆಲ್ಫಾ (ವೈರಸ್ ತಡೆಯೋ ಪ್ರೋಟೀನ್) ಕುಟುಂಬದ 14 ಜೀನ್ ತಗೊಂಡು ಕೋಡಾನ್ ಬಳಕೆ ಲೆಕ್ಕ ಹಾಕಿದೆ. ಎಲ್ಲದರಲ್ಲೂ ಕೋಡಾನಿನ ಮೂರನೇ ಅಕ್ಷರ ಜಿ, ಸಿ ಕಡೆಗೇ ವಾಲಿದೆ. ಇದು ವಿಕಾಸದಲ್ಲಿನ ಆಯ್ಕೆಯ ಒತ್ತಡ ಅಂತ ಬರೀಬಹುದಾ? ಒಂದು ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಗೆ ಹಾಕಿದ್ದೆ, ಪ್ರೋಟೀನ್ ಪಟ್ಟಿ ನೋಡೋ ಜೆಲ್‌ನಲ್ಲಿ ಪ್ರೋಟೀನೇ ಕಾಣ್ತಿಲ್ಲ. ಗೈಡ್ ಇ. ಕೋಲಿಗೆ ಒಗ್ಗೋ ಕೋಡಾನ್ ಇಟ್ಟು ಲ್ಯಾಬ್‌ನಲ್ಲಿ ಮಾಡಿದ ಸಿಂಥೆಟಿಕ್ ಜೀನ್ ತರಿಸು ಅಂತಿದ್ದಾರೆ.

ಸದಸ್ಯ 1: ಕೋಡಾನ್ ಅಂದ್ರೇನು ಮೇಡಂ?

ಮೇಡಂ: ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳಲ್ಲಿ ಬರೆದ ಮೂರಕ್ಷರದ ಪದ. ಒಟ್ಟು 64: ಅಮೈನೋ ಆಮ್ಲಗಳಿಗೆ (ಪ್ರೋಟೀನಿನ ಬಿಡಿ ಮಣಿಗಳಿಗೆ) 61, ನಿಲುಗಡೆಗೆ 3. ಲ್ಯೂಸಿನ್ ಎಂಬ ಒಂದೇ ಅಮೈನೋ ಆಮ್ಲಕ್ಕೆ 6 ಇವೆ. ಆರರಲ್ಲಿ ಕೆಲವನ್ನೇ ಹೆಚ್ಚು ಬಳಸುವುದು ಒಲವು.

ಧಾರವಾಡದವರೇ, ಈಗಲೇ ಹಾಗೆ ಬರೀಬೇಡಿ. ಈ ಜೀನ್‌ಗಳು ಒಂದೇ ಮೂಲದಿಂದ ಇಮ್ಮಡಿಯಾಗುತ್ತಾ ಬಂದವು, 1ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಒಂದೇ ಮನೆಯ 14 ಜನ ಒಂದೇ ಮಾತು ಹೇಳಿದರೆ ಅದು 14 ಸಾಕ್ಷಿ ಆಗಲ್ಲ. ಸಸ್ತನಿಗಳಲ್ಲಿ ಈ ವಾಲುವಿಕೆಯ ಬಹುಪಾಲು ಆ ಜಾಗದ ಜಿ-ಸಿ ಪ್ರಮಾಣದಿಂದಲೇ ಬರುತ್ತದೆ. ಅಕ್ಕಪಕ್ಕದ, ಪ್ರೋಟೀನಿಗೆ ಸಂಬಂಧವಿಲ್ಲದ ಡಿಎನ್‌ಎಯ ಜಿ-ಸಿ ಮೊದಲು ಅಳೆಯಿರಿ. ಅದೂ ಅಷ್ಟೇ ಇದ್ದರೆ ಆಯ್ಕೆಯ ಮಾತು ಬೇಡ. ಇನ್ನು ಈ ಜೀನ್‌ಗಳು ಚಿಕ್ಕವು, ಇನ್ನೂರು ಕೋಡಾನ್ ಕೂಡ ಇಲ್ಲ. ಒಲವು ಅಳೆಯುವ, 20ರಿಂದ 61ರವರೆಗಿನ ಆ ‘ಪರಿಣಾಮಕಾರಿ ಕೋಡಾನ್ ಸಂಖ್ಯೆ’ ಇಷ್ಟು ಚಿಕ್ಕ ಜೀನಿನಲ್ಲಿ ನಂಬಿಕೆಗೆ ಅರ್ಹ ಅಲ್ಲ.

ಪ್ರೋಟೀನ್ ವಿಷಯ ನನಗೆ ಹೆಚ್ಚು ಚಿಂತೆ. ಪ್ರೋಟೀನನ್ನು ಜೀವಕೋಶದಿಂದ ಹೊರಗೆ ಕಳಿಸುವ ಸಿಗ್ನಲ್ ಭಾಗ ಕತ್ತರಿಸಿ ಹಾಕಿದ್ದೀರಾ? ಆರ್ಜಿನೀನ್‌ನ ಎಜಿಎ, ಎಜಿಜಿ ಹಂದಿಗೆ ಮಾಮೂಲಿ, ಇ. ಕೋಲಿಗೆ ಅಪರೂಪ. ಇಂಥ ಎರಡು ಆರ್ಜಿನೀನ್ ಕೋಡಾನ್ ಪಕ್ಕಪಕ್ಕ ಬರುವ ಜಾಗ ಹುಡುಕಿ. ಅಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ತಡವರಿಸುತ್ತದೆ. ಆ ಕೋಡಾನ್‌ಗಳಿಗೆ ಆರ್ಜಿನೀನ್ ತಂದುಕೊಡುವ ಟಿಆರ್‌ಎನ್‌ಎ ಸೇರಿಸಿದ ಇ. ಕೋಲಿ ತಳಿಗಳಿವೆ, ಅದರಲ್ಲಿ ಒಮ್ಮೆ ನೋಡಿ. ಸಿಂಥೆಟಿಕ್ ಜೀನ್‌ಗೆ ದುಡ್ಡು ಸುರಿಯುವ ಮುಂಚೆ ಜೀವಕೋಶ ಒಡೆದು ಗಿರಗಿರ ತಿರುಗಿಸಿದಾಗ ತಳಕ್ಕೆ ಕೂರುವ ಪೆಲೆಟ್ಟನ್ನೂ ಜೆಲ್‌ಗೆ ಹಾಕಿ. ಇಂಟರ್‌ಫೆರಾನ್ ಕರಗದ ಉಂಡೆಯಾಗಿ ತಳ ಸೇರುವುದು ಬಹಳ.

ಹಂದಿ ಸಾಕಣೆದಾರ, ಕೊಡಗು: ಫಾರ್ವರ್ಡ್ ಬಂದಿದೆ ಮೇಡಂ. ಅರಿಶಿನ-ಬೆಳ್ಳುಳ್ಳಿ ಕಷಾಯ ಕುಡಿಸಿದ್ರೆ ಕೋಡಾನ್ ಸರಿಹೋಗಿ ಆಫ್ರಿಕನ್ ಹಂದಿಜ್ವರ ಬರಲ್ವಂತೆ?

ಮೇಡಂ: ಸುಳ್ಳು. ಕಷಾಯಕ್ಕೆ ಕೋಡಾನ್ ಬದಲಾಗಲ್ಲ. ಆ ಜ್ವರಕ್ಕೆ ಔಷಧಿ ಇಲ್ಲ. ಹೋಟೆಲ್ ಮುಸುರೆ ಹಾಕಬೇಡಿ, ಹೊರಗಿನವರನ್ನು ಗೂಡಿನೊಳಗೆ ಬಿಡಬೇಡಿ. ಹಂದಿ ಸತ್ತರೆ ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿ. ಕಷಾಯ ನಂಬಿ ಎರಡು ದಿನ ಕಾದರೆ ಇಡೀ ಗೂಡು ಹೋಗುತ್ತೆ.

ಸದಸ್ಯ 2: ಅಮೈನೋ ಆಮ್ಲ ಅದೇ ಇದ್ಮೇಲೆ ಯಾವ ಕೋಡಾನ್ ಆದ್ರೇನು? ಸುಮ್ನೆ ಥೀಸಿಸ್ ತುಂಬಿಸೋಕೆ.

ಸದಸ್ಯ 3: ತಪ್ಪು ಸಾರ್. ಮನುಷ್ಯರ ಎಂಡಿಆರ್1 (ಜೀವಕೋಶದಿಂದ ಔಷಧಿ ಹೊರದಬ್ಬುವ ಪ್ರೋಟೀನಿನ) ಜೀನಿನಲ್ಲಿ ಇಂಥದೇ ‘ಮೌನ’ ಬದಲಾವಣೆಯಿಂದ ಪ್ರೋಟೀನಿನ ನಡತೆಯೇ ಬದಲಾಗಿದ್ದು 2007ರಲ್ಲೇ ಪ್ರಕಟವಾಗಿದೆ.

ಸದಸ್ಯ 2: ಒಂದು ಉದಾಹರಣೆ ಹಿಡ್ಕೊಂಡು ಪಾಠ ಮಾಡ್ಬೇಡಿ. ನಾನು ಇಪ್ಪತ್ತು ವರ್ಷ ಕಲಿಸಿದೀನಿ.

ಸದಸ್ಯ 3: ಇಪ್ಪತ್ತು ವರ್ಷ ಹಳೇ ಪುಸ್ತಕಾನೇ ಕಲಿಸಿದ್ರೆ ಮಕ್ಕಳ ಗತಿ?



ಸದಸ್ಯ 2: ಮರ್ಯಾದೆ ಕೊಟ್ಟು ಮಾತಾಡಿ!

ಸದಸ್ಯ 5: ಮೇಡಂ, ಕೋಡಾನ್ ಅಂದ್ರೇನು?

ಮೇಡಂ: ಮೇಲೆ ಬರೆದಿದ್ದೇನೆ, ಓದಿ. ಮೌನ ಬದಲಾವಣೆ ಎಷ್ಟೋ ಸಲ ಏನೂ ಮಾಡಲ್ಲ, ಕೆಲವು ಸಲ ಮಾಡುತ್ತೆ. ಜಗಳ ನಿಲ್ಲಿಸಿ.

ಸಾಕಣೆದಾರ, ಕೊಡಗು: ಸ್ವಲ್ಪ ಬೆಳ್ಳುಳ್ಳಿನಾದ್ರೂ ಹಾಕ್ಬಹುದಾ?

ಮೇಡಂ: ಜ್ವರಕ್ಕಂತೂ ಪ್ರಯೋಜನವಿಲ್ಲ ಅಂದೆನಲ್ಲ.

ವಿದ್ಯಾರ್ಥಿನಿ, ಧಾರವಾಡ: ಮೇಡಂ, ಆರ್ಜಿನೀನ್ ಜೋಡಿ ಎರಡು ಕಡೆ ಇದೆ. ಪೆಲೆಟ್ ಮಾತ್ರ ಪ್ರತಿ ಸಲ ಎಸೆದಿದ್ದೆ.

ಮೇಡಂ: ನಾಳೆ ಮತ್ತೆ ಬೆಳೆಸಿ. ಪೆಲೆಟ್ ಎಸೀಬೇಡಿ. 19-20 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಪಟ್ಟಿ ಕಂಡರೆ ಫೋಟೋ ಹಾಕಿ.