ನಿಯಾಂಡರ್ತಲ್‌ಗಳು ಬರೀ ಮಾಂಸ ತಿಂದೇ ಬದುಕಿದ್ರಾ?

ಉಳ್ಳಾಲದವ:
ಮಗಳಿಗೆ ಪಾಠ ಹೇಳಿಕೊಡುವಾಗ ಬಂದ ಪ್ರಶ್ನೆ ಇದು. ನಿಯಾಂಡರ್ತಲ್‌ಗಳು (ಹಿಂದೆ ಯುರೋಪ್, ಪಶ್ಚಿಮ ಏಷ್ಯಾದಲ್ಲಿದ್ದು ಅಳಿದುಹೋದ ಇನ್ನೊಂದು ಬಗೆಯ ಮನುಷ್ಯರು) ದೊಡ್ಡ ಪ್ರಾಣಿಗಳ ಮಾಂಸ ಮಾತ್ರ ತಿಂದರು, ನಮ್ಮ ಪೂರ್ವಜರು ಮೀನು, ಚಿಪ್ಪು, ಗೆಡ್ಡೆ ಎಲ್ಲ ತಿಂದು ಉಳಿದುಕೊಂಡರು ಅಂತ ಎಲ್ಲೋ ಓದಿದ್ದಳು. ನಿಜವಾ? ಅವರು ಉಂಡದ್ದು ಈಗ ಹೇಗೆ ಗೊತ್ತಾಗುತ್ತದೆ?

ಮರುವಾಯಿ ಪುಂಡಿ:
ಮೂಳೆ ಹೇಳುತ್ತದೆ ಮಾರಾಯ್ರೇ. ಹುಲ್ಲು ಮೇಯುವ ಪ್ರಾಣಿಗಿಂತ ಅದನ್ನು ತಿನ್ನುವ ಪ್ರಾಣಿಯ ಮೂಳೆಯಲ್ಲಿ ನೈಟ್ರೋಜನ್-15 (ನೈಟ್ರೋಜನ್‌ನ ತುಸು ಭಾರದ ರೂಪ) ಜಾಸ್ತಿ ಇರುತ್ತದೆ. ಕ್ರೊಯೇಷಿಯಾದ ವಿಂಡಿಯಾ ಗುಹೆಯ ನಿಯಾಂಡರ್ತಲ್ ಮೂಳೆಗಳಲ್ಲಿ ಅದು ಬೇಟೆಯಾಡುವ ಪ್ರಾಣಿಗಳ ಮಟ್ಟದಲ್ಲೇ ಇತ್ತು. 2000ದಲ್ಲಿ ಈ ಫಲಿತಾಂಶ ಬಂದ ಮೇಲೆ "ಬರೀ ಮಾಂಸ" ಅನ್ನುವ ಮಾತು ಗಟ್ಟಿಯಾಯ್ತು. ರೊಮೇನಿಯಾದ ಓಸೆ ಗುಹೆಯಲ್ಲಿ ಸಿಕ್ಕಿದ, ಸುಮಾರು 40,000 ವರ್ಷ ಹಳೆಯ ನಮ್ಮವನ ಮೂಳೆಯಲ್ಲಿ ಇನ್ನೂ ಹೆಚ್ಚಿತ್ತು, ಹೊಳೆ ಮೀನು ತಿಂದಿರಬೇಕು ಅಂದರು. ಆದರೆ ಈ ಪರೀಕ್ಷೆ ತೋರಿಸುವುದು ಪ್ರೋಟೀನ್ ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ. ನಾನು ಎರಡು ಬಂಗುಡೆ ಜತೆ ಒಂದು ಬುಟ್ಟಿ ಗೆಣಸು ತಿಂದರೂ ಮೂಳೆಯಲ್ಲಿ ಕಾಣುವುದು ಹೆಚ್ಚಾಗಿ ಬಂಗುಡೆಯೇ.

ಬಸಳೆ ಚಪ್ಪರ:
ಹಾಗಾಗಿ ಹಲ್ಲು ನೋಡಬೇಕು. ಹಲ್ಲಿಗೆ ಕಲ್ಲಿನ ಹಾಗೆ ಅಂಟಿದ ಪಾಚಿಯನ್ನು ಡಾಕ್ಟ್ರು ಕೆರೆದು ತೆಗೆಯುತ್ತಾರಲ್ಲ, ಅದರೊಳಗೆ ತಿಂದದ್ದರ ಕಣಗಳು ಸಾವಿರಾರು ವರ್ಷ ಉಳಿಯುತ್ತವೆ. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಲ್ ಹಲ್ಲುಗಳಲ್ಲಿ ಖರ್ಜೂರದ ಗುರುತು ಸಿಕ್ಕಿತು, ಬಾರ್ಲಿಯ ಜಾತಿಯ ಕಾಳಿನ ಪಿಷ್ಟವೂ ಸಿಕ್ಕಿತು, ಅದೂ ಬೇಯಿಸಿದ್ದು! ಸ್ಪೇನಿನ ಎಲ್ ಸಿಡ್ರಾನ್‌ನಲ್ಲಿ ಅಣಬೆ, ಪೈನ್ ಬೀಜ, ಹಾವಸೆಯ ಡಿಎನ್‌ಎ ಸಿಕ್ಕಿದೆ. ಬರೀ ಮಾಂಸ ಅನ್ನುವುದು ಅವರಿಗೆ ಮಾಡುವ ಅನ್ಯಾಯ ಅಂತ ನನಗೆ ಅನಿಸುತ್ತದೆ.

ಮಲ್ಪೆ ಕಡೆಯವ:
ಚಿಪ್ಪಿನ ವಿಷಯವೂ ಹಾಗೇ. ನಮ್ಮ ಮನೆ ತೆಂಗಿನ ಬುಡದಲ್ಲಿ ಅಜ್ಜಿ ಕಾಲದಿಂದ ಎಸೆದ ಮರುವಾಯಿ ಚಿಪ್ಪು ಈಗಲೂ ಇದೆ, ಅದರ ಜತೆ ಉಂಡ ಬಸಳೆ, ಗಂಜಿಯ ಗುರುತೂ ಇಲ್ಲ. ಪೋರ್ಚುಗಲ್‌ನ ಫಿಗೇರಾ ಬ್ರಾವಾ ಗುಹೆಯಲ್ಲಿ ಸುಮಾರು ಒಂದು ಲಕ್ಷ ವರ್ಷದ ಹಿಂದೆ ನಿಯಾಂಡರ್ತಲ್‌ಗಳು ತಿಂದು ಬಿಟ್ಟ ಚಿಪ್ಪು, ಏಡಿ, ಮೀನಿನ ಮೂಳೆ ರಾಶಿ ಸಿಕ್ಕಿದೆ. ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್‌ನಲ್ಲಿ ನಮ್ಮವರು ಸುಮಾರು 1,64,000 ವರ್ಷದ ಹಿಂದೆ ಚಿಪ್ಪು ತಿಂದದ್ದೂ ಹೌದು. ಕಡಲು ಹತ್ತಿರ ಇದ್ದರೆ ಇಬ್ಬರೂ ಇಳಿದಿದ್ದಾರೆ.

ಉಳ್ಳಾಲದವ:
ಹಾಗಾದ್ರೆ ವ್ಯತ್ಯಾಸವೇ ಇಲ್ವಾ?

ಬಸಳೆ ಚಪ್ಪರ:
ಇದೆ ಅಣ್ಣ. ಹಲ್ಲಿನ ಸವೆತ ಹೋಲಿಸಿದ 2016ರ ಒಂದು ಅಧ್ಯಯನದಲ್ಲಿ ನಿಯಾಂಡರ್ತಲ್‌ಗಳ ಊಟ ಸುತ್ತಲಿನ ಕಾಡು, ಬಯಲು ಬದಲಾದ ಹಾಗೆಲ್ಲ ಬದಲಾಗಿತ್ತು. ಅವರ ನಂತರ ಯುರೋಪಿನಲ್ಲಿದ್ದ ನಮ್ಮವರ ಊಟ ಅಷ್ಟು ಬದಲಾಗಲಿಲ್ಲ, ಬಯಲಿನಲ್ಲೂ ಅವರು ಗಿಡದ ಊಟ ಬಿಡಲಿಲ್ಲ. ಮಗಳಿಗೆ ಇದನ್ನು ಹೇಳಿ.