ಹಗುರ ನಳಿಕೆ, ಹೆಚ್ಚು ಈಡು: ಬಂದೂಕು ದುರಸ್ತಿಗಾರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಶಿವಮೊಗ್ಗದಲ್ಲಿ ಪರವಾನಗಿ ಪಡೆದು ಬಂದೂಕು ದುರಸ್ತಿ ಮಾಡುವ ಹಿರಿಯರು ಇಂದು ಸಂಜೆ ಉತ್ತರಿಸುತ್ತಾರೆ. ಪರವಾನಗಿ ಇರುವ ಕೋವಿಗಳ ಬಗ್ಗೆ ಮಾತ್ರ ಕೇಳಿ.

ವಿನೋಬನಗರದ ಸದಸ್ಯರು: ನಮಸ್ಕಾರ ಸರ್. ಮಗಳು ಬೆಂಗಳೂರಿನ ರೇಂಜ್‌ನಲ್ಲಿ ಸಣ್ಣ ಗುಂಡಿನ .22 ರೈಫಲ್ ಅಭ್ಯಾಸ ಮಾಡುತ್ತಾಳೆ. ಭಾರಕ್ಕೆ ಎಡತೋಳು ಸೋಲುತ್ತದೆ ಎನ್ನುತ್ತಾಳೆ. ಹಗುರ ನಳಿಕೆ ಕೊಡಿಸೋಣವೆಂದರೆ, ದಿನವಿಡೀ ಹೊಡೆದರೆ ತೆಳು ನಳಿಕೆ ಬೆಂದು ಹಾಳಾಗುತ್ತದೆ ಎಂದು ಹೆದರಿಸುತ್ತಾರೆ.

ಉತ್ತರ: ಹೆದರಿಸಿದವರು ದೊಡ್ಡ ರೈಫಲ್‌ನ ಮಾತನ್ನು .22ಕ್ಕೆ ಹಚ್ಚಿದ್ದಾರೆ. .22 ತೋಟೆಯಲ್ಲಿರುವ ಮದ್ದು ಗ್ರಾಂನ ಹತ್ತನೇ ಒಂದು ಭಾಗದಷ್ಟು. ದೊಡ್ಡ ರೈಫಲ್‌ನ .30-06 ತೋಟೆಯಲ್ಲಿ ಸುಮಾರು 3 ಗ್ರಾಂ. .22ರ ಗುಂಡು ಮೆತ್ತಗಿನ ಸೀಸದ್ದು. ಹೀಗಾಗಿ ಶುಚಿಯಾಗಿಟ್ಟರೆ ಆ ನಳಿಕೆ ಹತ್ತಾರು ಸಾವಿರ ಈಡು ತಡೆಯುತ್ತದೆ.

ನೀವು ನೋಡಬೇಕಾದದ್ದು ಬಿಗಿತವನ್ನು. ನಳಿಕೆಯ ಹೊರ ಅಡ್ಡಳತೆ ಎರಡು ಪಟ್ಟಾದರೆ ಬಾಗದಿರುವ ಶಕ್ತಿ ಸುಮಾರು 16 ಪಟ್ಟಾಗುತ್ತದೆ. ಆದ್ದರಿಂದ ತೂಕ ಇಳಿಸಲು ಉದ್ದವನ್ನು ಕಡಿಮೆ ಮಾಡಿ, ದಪ್ಪವನ್ನು ಬಿಟ್ಟುಕೊಡಬೇಡಿ. .22ರ ಮದ್ದು 16 ಇಂಚಿನ ಆಸುಪಾಸಿನಲ್ಲೇ ತನ್ನ ಕೆಲಸ ಮುಗಿಸುತ್ತದೆ. ಗುರಿ ನೋಡುವ ಮುಂದಿನ ಕುರುಹು ಕಣ್ಣಿನಿಂದ ದೂರ ಇರಬೇಕೆನ್ನುವ ಸ್ಪರ್ಧಿಗಳು ಗಿಡ್ಡ ನಳಿಕೆಯ ಬಾಯಿಗೆ ಹಗುರವಾದ ಪೊಳ್ಳು ಕೊಳವೆ ಸೇರಿಸಿಕೊಳ್ಳುತ್ತಾರೆ. ತಯಾರಕರಿಂದಲೇ ಗಿಡ್ಡ ನಳಿಕೆಯೊಂದಿಗೆ ಬಂದದ್ದನ್ನು ಕೊಳ್ಳಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಪುರುಷರ 50 ಮೀಟರ್ ಸ್ಪರ್ಧೆಯಲ್ಲಿ ರೈಫಲ್‌ನ ತೂಕ 8 ಕಿಲೋ ಮೀರಬಾರದು ಎಂಬ ನಿಯಮವಿದೆ, ಅಷ್ಟು ಇರಲೇಬೇಕು ಎಂದಿಲ್ಲ. ಕೊಳ್ಳುವ ಮೊದಲು ಮಗಳಿಗೆ ಭುಜಕ್ಕೆ ಒತ್ತುವ ಹಿಂದಿನ ಮರ ಅಳತೆಗೆ ಸರಿಯಾಗಿದೆಯೇ ಎಂದು ತರಬೇತುದಾರರಿಂದ ನೋಡಿಸಿ. ತೋಳು ಸೋಲುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ತೀರ್ಥಹಳ್ಳಿಯ ಸದಸ್ಯರು: ನನ್ನದು .30-06, ತೆಳು ನಳಿಕೆ. ರೇಂಜ್‌ನಲ್ಲಿ ಮೊದಲ ಮೂರು ಗುಂಡು ಒಂದೆಡೆ, ಆಮೇಲಿನವು ಮೇಲಕ್ಕೆ ಸಾಗುತ್ತವೆ. ಕಾರ್ಬನ್ ಸುತ್ತಿದ ನಳಿಕೆ ಹಾಕಿಸಲೇ?

ಉತ್ತರ: ತೆಳು ನಳಿಕೆ ಬೇಗ ಕಾಯುತ್ತದೆ. ಕಾದಾಗ ಒಳಗಿನ ಬಿಗುವು ಒಂದು ಕಡೆಗೆ ಎಳೆಯುತ್ತದೆ, ಅಥವಾ ನಳಿಕೆ ಮರಕ್ಕೆ ಒತ್ತುತ್ತದೆ. ಮೊದಲು ನಳಿಕೆ ಮತ್ತು ಮರದ ನಡುವೆ ಕಾಗದ ತೂರಿಸಿ ನೋಡಿ. ಅದು ಸಲೀಸಾಗಿ ಹಿಂದಿನವರೆಗೆ ಸರಿದರೆ ಮರದ ತಪ್ಪಲ್ಲ. ಕಾರ್ಬನ್ ನಳಿಕೆ ಹಗುರ, ಬಿಗಿಯೂ ಹೌದು. ಆದರೆ ಅದರೊಳಗೆ ತೆಳು ಉಕ್ಕೇ ಇರುತ್ತದೆ. ಕಾರ್ಬನ್ನನ್ನು ಹಿಡಿದಿಡುವ ರಾಳ ಶಾಖವನ್ನು ಸರಾಗವಾಗಿ ಹೊರಬಿಡುವುದಿಲ್ಲ. ಹೊರಗೆ ಕೈಗೆ ತಣ್ಣಗಿದೆ ಎಂದು ನಂಬಿ ಹೊಡೆಯುತ್ತಾ ಹೋದರೆ ತೋಟೆ ಕೂರುವ ಚೇಂಬರಿನ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು (ರೈಫ್ಲಿಂಗ್) ಶುರುವಾಗುವ ಜಾಗ ಸವೆಯುತ್ತದೆ. ಹೊರಮೈಗೆ ಉದ್ದುದ್ದ ತೋಡು ಕೊರೆದ ನಳಿಕೆ ಅಷ್ಟೇ ತೂಕದ ಸಾದಾ ನಳಿಕೆಗಿಂತ ಬಿಗಿ. ನನ್ನನ್ನು ಕೇಳಿದರೆ ಮಧ್ಯಮ ದಪ್ಪದ, 22 ಇಂಚಿನ ಉಕ್ಕಿನ ನಳಿಕೆ ಸಾಕು. ಮೂರು ಗುಂಡಿಗೊಮ್ಮೆ ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟ್ ತೆರೆದಿಟ್ಟು ಆರಲು ಬಿಡಿ.

ಸಾಗರದ ಸದಸ್ಯರು: ಇದು ಇನ್ನೊಂದು ಗುಂಪಿನಲ್ಲಿ ಬಂದದ್ದು: ‘ಕಾದ ನಳಿಕೆಗೆ ಒದ್ದೆ ಗೋಣಿ ಸುತ್ತಿ. ಒಳಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಸುರಿದಿಟ್ಟರೆ ನೂರು ವರ್ಷ ಬಾಳಿಕೆ.’ ಎಲ್ಲರಿಗೂ ಉಪಯೋಗವಾಗಲಿ.

ಉತ್ತರ: ಯಾರಿಗೂ ಉಪಯೋಗವಿಲ್ಲ. ಗೋಣಿಯ ನೀರು ಮರದ ಸಂದಿಗೆ ಇಳಿದು ಕಾಣದ ಕಡೆ ತುಕ್ಕು ಹಿಡಿಸುತ್ತದೆ. ಚೇಂಬರಿನಲ್ಲಿ ಎಣ್ಣೆ ಉಳಿದರೆ ತೋಟೆಯ ಹಿತ್ತಾಳೆ ಗೋಡೆಯನ್ನು ಹಿಡಿಯದೆ ಬೋಲ್ಟಿನ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಎಣ್ಣೆಯನ್ನು ತೆಳುವಾಗಿ ಸವರಿ, ಹೊಡೆಯುವ ಮೊದಲು ಒಣಬಟ್ಟೆಯಿಂದ ಒರೆಸಿ. ದಯವಿಟ್ಟು ಇಂಥದ್ದನ್ನು ಹಂಚಬೇಡಿ.

ಹೊಸನಗರದ ಸದಸ್ಯರು: ಜೋಡುನಳಿಕೆಯನ್ನು ಆರು ಇಂಚು ಕತ್ತರಿಸಿದರೆ ಹಗುರವಾಗುವುದಿಲ್ಲವೇ?

ಉತ್ತರ: ಕತ್ತರಿಸಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ನಳಿಕೆ ಗಿಡ್ಡ ಮಾಡುವುದು ಅಪರಾಧ. ಬಾಯಿಯ ಬಳಿ ಕಿರಿದಾಗುವ ಭಾಗ (ಚೋಕ್) ಹೋಗಿ ಚರೆಯೂ ಚದುರುತ್ತದೆ.

ಕೊಪ್ಪದ ಸದಸ್ಯರು: .22ಕ್ಕೆ ಹಗುರ ನಳಿಕೆ ಬಾಳಿಕೆ ಬರುತ್ತದೆಯೇ?

ಉತ್ತರ: ಮೊದಲ ಉತ್ತರ ಓದಿ.

ಆಗುಂಬೆ ಕಡೆಯ ಸದಸ್ಯರು: ಸರ್, ಅಪ್ಪನ ಕಾಲದ 12 ಬೋರಿನ ಜೋಡುನಳಿಕೆ. ಮಳೆಗಾಲವೆಲ್ಲ ಗೋಡೆಯಲ್ಲಿ ತೂಗುಹಾಕಿದ್ದೆ. ಮೊನ್ನೆ ಗದ್ದೆಗೆ ಬಂದ ಹಂದಿಗಳನ್ನು ಬೆದರಿಸಲು ಗಾಳಿಗೆ ಒಂದು ಈಡು ಹೊಡೆದೆ. ಸದ್ದು ಬೇರೆಯಾಗಿತ್ತು. ಈಗ ಬಲ ನಳಿಕೆಯ ಬಾಯಿಯಿಂದ ಒಂದು ಗೇಣು ಹಿಂದೆ ಬಳೆಯ ಹಾಗೆ ಉಬ್ಬು ಕೈಗೆ ಸಿಗುತ್ತದೆ. ಎಡದ್ದು ಸರಿಯಿದೆ, ಅದನ್ನು ಬಳಸಬಹುದೇ?

ಉತ್ತರ: ಬೇಡ. ಎಡದ್ದನ್ನೂ ಹೊಡೆಯಬೇಡಿ. ಉಳಿದವರ ಪ್ರಶ್ನೆಗಳು ಕಾಯಲಿ, ಇದನ್ನು ಮೊದಲು ಹೇಳುತ್ತೇನೆ.

ಒಳಗೆ ಏನೋ ಅಡ್ಡವಿತ್ತು. ಚರೆ ಅದಕ್ಕೆ ಬಡಿದು ತಡೆದಾಗ ಹಿಂದಿನ ಅನಿಲ ಆ ಒಂದು ಜಾಗದಲ್ಲಿ ಒಮ್ಮೆಲೇ ಒತ್ತುತ್ತದೆ. ಆ ಭಾಗದಲ್ಲಿ ನಳಿಕೆಯ ಗೋಡೆ ಒಂದು ಮಿಲಿಮೀಟರ್ ಆಸುಪಾಸು ಮಾತ್ರ. ಹಿಗ್ಗಿದ ಉಕ್ಕು ಮರಳಿ ಕೂರುವುದಿಲ್ಲ. ಎರಡೂ ನಳಿಕೆಗಳು ನಡುಪಟ್ಟಿಯ ಬೆಸುಗೆಯಿಂದ ಸೇರಿರುವುದರಿಂದ ಬೆಸುಗೆ ಬಿಟ್ಟಿರಬಹುದು, ಎಡದ್ದಕ್ಕೂ ಪೆಟ್ಟು ಬಿದ್ದಿರಬಹುದು.

ಉಬ್ಬು ಬಾಯಿಯ ಹತ್ತಿರ ಇರುವುದರಿಂದ ನನ್ನ ಅನುಮಾನ ಕುಂಬಾರ ಹುಳದ ಮೇಲೆ. ತೂಗುಹಾಕಿದ ಕೋವಿಯ ಬಾಯಲ್ಲಿ ಅದು ಮಣ್ಣಿನ ಗೂಡು ಕಟ್ಟುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಇದು ಹೊಸದಲ್ಲ. ಉಬ್ಬು ಚೇಂಬರಿನ ಮುಂದೆ ಇದ್ದಿದ್ದರೆ ಬೇರೆ ಪ್ರಶ್ನೆ ಕೇಳುತ್ತಿದ್ದೆ: ಮನೆಯಲ್ಲಿ 20 ಬೋರಿನ ತೋಟೆಯೂ ಇದೆಯೇ? ಗಾತ್ರದಲ್ಲಿ ಸಣ್ಣದಾದ ಅದು 12 ಬೋರಿನೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಇನ್ನೊಂದು ತೋಟೆ ಹಾಕಿದರೆ ಕೋವಿ ಸಿಡಿಯುತ್ತದೆ. 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವುದು ಅದಕ್ಕಾಗಿಯೇ.

ಕಮ್ಮಾರರಲ್ಲಿ ಬಡಿಸಿ ಸರಿಮಾಡಿಸಬೇಡಿ. ತೋಟೆ ತೆಗೆದು, ನಳಿಕೆ ಬಿಚ್ಚಿ, ಪರವಾನಗಿ ಪುಸ್ತಕದೊಂದಿಗೆ ಪರವಾನಗಿ ಇರುವ ದುರಸ್ತಿಗಾರರ ಬಳಿ ಒಯ್ಯಿರಿ. ಎಲ್ಲರಿಗೂ ಹೇಳುತ್ತೇನೆ: ತೋಟೆ ಹಾಕುವ ಮುಂಚೆ ಕೋವಿ ಬಿಚ್ಚಿ, ನಳಿಕೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಬಾಯಿಗೆ ಬಟ್ಟೆ ತುರುಕಿಡಬೇಡಿ. ಮರೆತರೆ ಅದೂ ಅಡ್ಡಿಯೇ.

ಸೊರಬದ ಸದಸ್ಯರು: ನಮ್ಮ ಕೋವಿಗಳು ಕೆಡುವುದು ಚುನಾವಣೆ ಬಂದಾಗ ಅವನ್ನು ಪೊಲೀಸರಲ್ಲಿ ಠೇವಣಿ ಇಡಬೇಕಾಗುವುದರಿಂದ. ತಿಂಗಳುಗಟ್ಟಲೆ ಥಂಡಿಯಲ್ಲಿ ಇರಿಸಿ ತುಕ್ಕು ಹಿಡಿದದ್ದನ್ನು ವಾಪಸು ಕೊಡುತ್ತಾರೆ. ಅಡಿಕೆ, ಭತ್ತ ಕಾಯುವವರು ಯಾರು?

ವಿನೋಬನಗರದ ಸದಸ್ಯರು: ಪ್ರಶ್ನೋತ್ತರಕ್ಕೂ ಅದಕ್ಕೂ ಏನು ಸಂಬಂಧ?

ಸೊರಬದ ಸದಸ್ಯರು: ನಿಮಗೆ ಆಟದ ರೈಫಲ್, ನಮಗೆ ಹೊಟ್ಟೆಪಾಡು. ಪೇಟೆಯಲ್ಲಿ ಕುಳಿತವರಿಗೆ ಹಂದಿ ಗೊತ್ತಿಲ್ಲ.

ತೀರ್ಥಹಳ್ಳಿಯ ಸದಸ್ಯರು: ಕತ್ತಲಲ್ಲಿ ಸದ್ದು ಬಂದ ಕಡೆಗೆ ಈಡು ಹೊಡೆಯುವವರೂ ಹೊಟ್ಟೆಪಾಡು ಎನ್ನುತ್ತಾರೆ. ಪಕ್ಕದ ತೋಟದಲ್ಲಿ ಮನುಷ್ಯರೂ ಇರುತ್ತಾರೆ.

ಸೊರಬದ ಸದಸ್ಯರು: ನನ್ನನ್ನು ಕೊಲೆಗಾರ ಎನ್ನುತ್ತೀರಾ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಸಾಗರದ ಸದಸ್ಯರು: ಕರ್ಪೂರದ ಎಣ್ಣೆ ನಮ್ಮ ಅಜ್ಜನೂ ಬಳಸುತ್ತಿದ್ದರು. ಏನೂ ಆಗಿರಲಿಲ್ಲ.

ಉತ್ತರ: ಉತ್ತರ ಕೊಟ್ಟಾಗಿದೆ. ಬಾಯಿಯಿಂದ ಕರಿಮದ್ದು ತುಂಬುವ ಅಜ್ಜನ ಕೇಪಿನ ಕೋವಿಗೂ ಈಗಿನ ತೋಟೆಯ ಒತ್ತಡಕ್ಕೂ ಹೋಲಿಕೆಯಿಲ್ಲ. ಆ ಹಳೆಯ ಕೋವಿಗೆ ಈಗಿನ ಹೊಗೆಯಿಲ್ಲದ ಮದ್ದು ತುಂಬಬೇಡಿ. ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ.

ಶಿಕಾರಿಪುರದ ಸದಸ್ಯರು: ಠೇವಣಿಯಿಂದ ಬಂದ ಕೋವಿಯ ತುಕ್ಕು ತೆಗೆಯಲು ಎಷ್ಟು ಖರ್ಚಾಗುತ್ತದೆ?

ಕೊಪ್ಪದ ಸದಸ್ಯರು: ಹಾಗಾದರೆ .22ಕ್ಕೆ ಕಾರ್ಬನ್ ಒಳ್ಳೆಯದೇ ಸರ್?

ಆಗುಂಬೆ ಕಡೆಯ ಸದಸ್ಯರು: ಬೆಳಕಿಗೆ ಹಿಡಿದು ನೋಡಿದೆ ಸರ್. ಒಳಗೆ ಕಪ್ಪು ಉಂಗುರದಂತೆ ನೆರಳು ಕಾಣುತ್ತದೆ, ಅಂಚಿನಲ್ಲಿ ಮಣ್ಣೂ ಇದೆ.

ಉತ್ತರ: ಹಾಗಿದ್ದರೆ ಹುಳದ ಗೂಡೇ. ಮಣ್ಣು ಕೆರೆಯಬೇಡಿ, ಹಾಗೆಯೇ ತನ್ನಿ. ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿರುತ್ತೇನೆ.