ವೈದ್ಯರ ಬಳಿ ಹೋಗಲು ಎಷ್ಟು ಫ್ರೆಂಚ್ ಬೇಕು?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಫ್ರಾನ್ಸಿನ ಲಿಯಾನಿಗೆ ಬಂದಿರುವ ನಾನು ಮಂಡಿನೋವಿಗಾಗಿ ಮುಂದಿನ ವಾರ ಒಬ್ಬಳೇ ವೈದ್ಯರನ್ನು ಕಾಣಬೇಕಾಗಿದೆ. ಮೊದಲು ಯಾವ ಮಾತುಗಳನ್ನು ಕಲಿಯಲಿ?

ಉತ್ತರ 1: ‘ಜೆ ಮಾಲ್’ ಎಂದರೆ ನನಗೆ ನೋವಿದೆ ಎಂದರ್ಥ, ಅದಕ್ಕೆ ‘ಓ ಜನೂ’ ಸೇರಿಸಿದರೆ ಮಂಡಿನೋವು, ‘ಆ ಲಾ ತೆತ್’ ಸೇರಿಸಿದರೆ ತಲೆನೋವು ಆಗುತ್ತದೆ. ‘ದಪ್ವಿ ತ್ರ್ವಾ ಜೂರ್’ ಎಂದರೆ ಮೂರು ದಿನಗಳಿಂದ.

ಉತ್ತರ 2: ಒಂದು ಎಚ್ಚರಿಕೆ ಇರಲಿ. ‘ಕರ್’ ಎಂದರೆ ಹೃದಯವಾದರೂ ‘ಜೆ ಮಾಲ್ ಓ ಕರ್’ ಎಂದರೆ ಸಾಮಾನ್ಯವಾಗಿ ವಾಕರಿಕೆ ಎಂದೇ ತಿಳಿಯುತ್ತಾರೆ. ನಾನು ಈ ತಪ್ಪು ಮಾಡಿ ಎದೆ ಮುಟ್ಟಿ ತೋರಿಸಬೇಕಾಯಿತು. ಎದೆನೋವಿಗೆ ‘ಆ ಲಾ ಪ್ವಾತ್ರೀನ್’ ಎನ್ನಬೇಕು. ತುರ್ತಾದರೆ 15ಕ್ಕೆ ಕರೆ ಮಾಡಬೇಕು.

ಉತ್ತರ 3: ಊರಿನಿಂದ ತಂದ ಮಾತ್ರೆಗಳ ಪಟ್ಟಿಯನ್ನು ಕಂಪನಿಯ ಹೆಸರಿನಲ್ಲಲ್ಲ, ಔಷಧದ ಮೂಲ ಹೆಸರಿನಲ್ಲಿ ಬರೆದುಕೊಳ್ಳಿ ಅಮ್ಮ. ನಮ್ಮ ಡೋಲೋ ಅಲ್ಲಿ ಡೋಲಿಪ್ರಾನ್ ಆಗಿರುತ್ತದೆ. ಪ್ಯಾರಾಸಿಟಮಾಲ್ ಎಂದರೆ ಇಬ್ಬರಿಗೂ ತಿಳಿಯುತ್ತದೆ.